ಮನೆಯೊಳಗೆ ಬರುವ ಕಸದ ಬಗ್ಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಪರಿಸರ ಸಚಿವರಿಗೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧಿಕಾರಿಗಳಿಗೆ, ಹಾಗೆಯೇ ಈ ಊರಿನಲ್ಲಿ ನನ್ನ ಹಾಗೆ ಮನೆ ಮಾಡಿಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ಬೆಂಗಳೂರಿನ ಕಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಟೋ ಟಿಪ್ಪರ್ ಬರಲಿಲ್ಲ, ರಸ್ತೆ ಮೂಲೆಯಲ್ಲಿ ರಾಶಿ ಬಿದ್ದಿದೆ, ಕಾಂಪ್ಯಾಕ್ಟರ್ ಲಾರಿಯಿಂದ ನೀರು ಸೋರುತ್ತಿದೆ ಅಂತ ಬರೆಯುತ್ತಾರೆ. ಅದೆಲ್ಲ ನಿಜವೇ. ಆದರೆ ಅದು ಕಸ ಮನೆಯಿಂದ ಹೊರಗೆ ಹೋದ ಮೇಲಿನ ಕತೆ. ಅದೇ ವಸ್ತು ಮನೆಯೊಳಗೆ ಬಂದದ್ದು ಯಾಕೆ, ಬರಲೇಬೇಕಿತ್ತಾ ಅಂತ ಯಾರೂ ಕೇಳುತ್ತಿಲ್ಲ. ಸರ್ಕಾರವೂ ಕೇಳುತ್ತಿಲ್ಲ, ನಾವೂ ಕೇಳಿಕೊಳ್ಳುತ್ತಿಲ್ಲ. ಈ ಪತ್ರ ಅದರ ಬಗ್ಗೆ.

ಕಸ ಬೇರ್ಪಡಿಸುವುದನ್ನು ಈ ಊರು ಸುಲಭವಾಗಿ ಕಲಿಯಲಿಲ್ಲ. 2012ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ಸಾಕು ಅಂದರು. ಅಲ್ಲಿ ಸುರಿಯುವುದು ನಿಂತಿತು, ಊರಿನ ಭಾರವೆಲ್ಲ ಬೂದಿಗೆರೆ ಕ್ರಾಸ್ ಕಡೆಯ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು ಲಾರಿ ತಡೆದರು. ಆ ವರ್ಷ ಬೀದಿ ಬೀದಿಯಲ್ಲಿ ಕಸ ಕೊಳೆತು ನಾರಿದ್ದು ಆಗ ಇಲ್ಲಿದ್ದವರಿಗೆಲ್ಲ ನೆನಪಿದೆ. ಕೊನೆಗೆ 2014ರ ಡಿಸೆಂಬರ್ 1ರಿಂದ ಮಂಡೂರಿಗೆ ಕಸ ಹೋಗುವುದು ನಿಂತಿತು. ಕಸ ಹುಟ್ಟುವುದೇನೂ ನಿಲ್ಲಲಿಲ್ಲವಲ್ಲ, ಲಾರಿಗಳು ಬಾಗಲೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳ ದಾರಿ ಹಿಡಿದವು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿದ ಮೇಲೆ ಮನೆ ಮನೆಗೆ ಎರಡು ಡಬ್ಬ, ಒಂದು ಚೀಲ ಬಂತು. ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಪ್ಯಾಡು, ಡೈಪರು, ಚೀಲದಲ್ಲಿ ಒಣ ಕಸ. ಮಕ್ಕಳಿಗೂ ಈಗ ಇದು ಬಾಯಿಪಾಠ.

ಈಗ ಅದೇ 2014ನೇ ಇಸವಿಯ ಇನ್ನೊಂದು ಸಂಗತಿ ನೋಡಿ. ಆ ವರ್ಷ ಅಕ್ಟೋಬರ್ 6ರಂದು ಆನ್‌ಲೈನ್ ಅಂಗಡಿ ಫ್ಲಿಪ್‌ಕಾರ್ಟ್ ಬಿಗ್ ಬಿಲಿಯನ್ ಡೇ ಅನ್ನುವ ತನ್ನ ದೊಡ್ಡ ಸೇಲ್ ಅನ್ನು ಮೊದಲ ಸಲ ನಡೆಸಿತು. ಮಂಡೂರು ಬಾಗಿಲು ಹಾಕುವುದಕ್ಕೆ ಎರಡು ತಿಂಗಳೂ ಇರಲಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಹುಟ್ಟಿದ್ದು ಇಲ್ಲೇ ಕೋರಮಂಗಲದಲ್ಲಿ. ಮಿಂತ್ರಾ, ಬಿಗ್ ಬಾಸ್ಕೆಟ್, ಸ್ವಿಗ್ಗಿ, ಮೀಶೋ ಎಲ್ಲವೂ ಇದೇ ಊರಿನ ಕಂಪನಿಗಳು. ದೇಶಕ್ಕೆ ಆನ್‌ಲೈನ್ ಶಾಪಿಂಗ್ ಕಲಿಸಿದ್ದು ಬೆಂಗಳೂರು. ಅದರಿಂದ ಸಾವಿರಾರು ಮನೆಯ ಒಲೆ ಉರಿಯುತ್ತಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಮನೆ ಬಾಗಿಲಿಗೆ ಸಾಮಾನು ತಲುಪಿಸುವುದರಲ್ಲಿ ಇಷ್ಟು ಜಾಣತನ ತೋರಿಸಿದ ಊರು, ಕಸ ಅಂತ ಬಂದಾಗ ಸುತ್ತಲ ಹಳ್ಳಿಗಳ ಕಡೆ ಕೈ ತೋರಿಸುತ್ತಲೇ ಇದೆ. ಈ ಎರಡೂ ಒಂದೇ ಮಾತಿನ ಎರಡು ತುದಿ ಅಂತ ಒಪ್ಪಿಕೊಳ್ಳದೆ ಮುಂದಿನ ಮಾತಿಲ್ಲ.

ಬೆಂಗಳೂರೊಂದೇ ಅಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರದ ಮೇಲೆ ಬಂತು. ಮನೆ, ಅಡಿಕೆ ತೋಟ, ತೆಂಗಿನ ತೋಟ ಕಸದಡಿ ಸೇರಿದವು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡದಲ್ಲಿ ಇದ್ದದ್ದೇನು? ಪೇಟೆಯವರು ದುಡ್ಡು ಕೊಟ್ಟು ಮನೆಗೆ ತಂದ ಸಾಮಾನೇ ಅಲ್ವಾ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗೆ ಪಾರ್ಕಿಂಗ್ ಪಕ್ಕ ಒಣ ಕಸದ ಕೋಣೆ ಇದೆ. ಅದರ ಉಸ್ತುವಾರಿ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ನಮ್ಮಲ್ಲಿ ಕಸ ಬೇರ್ಪಡಿಸುವುದು ಚೆನ್ನಾಗೇ ನಡೆಯುತ್ತದೆ. ಅದೇ ಕಾರಣಕ್ಕೆ ಏನೇನು ಬರುತ್ತದೆ ಅನ್ನುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಬ್ಬದ ಸೇಲ್ ಮುಗಿದ ವಾರ ಬಾಗಿಲು ತೆಗೆದರೆ ರಟ್ಟಿನ ಡಬ್ಬಗಳು ಚಾವಣಿ ಮುಟ್ಟಿರುತ್ತವೆ. ಡಬ್ಬದೊಳಗೆ ಇನ್ನೊಂದು ಡಬ್ಬ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬು, ಅದರ ನಡುವೆ ಒಂದು ಫೋನ್ ಕವರು ಇದ್ದಿರಬೇಕು. ರಟ್ಟಿಗೆ ಗುಜರಿಯಲ್ಲಿ ಬೆಲೆ ಇದೆ, ಹೋಗುತ್ತದೆ. ಥರ್ಮಾಕೋಲ್ ಯಾರಿಗೂ ಬೇಡ. ತೂಕವಿಲ್ಲ, ಗಾಡಿ ತುಂಬಾ ಜಾಗ ತಿನ್ನುತ್ತದೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪ್ಯಾಕೆಟ್ ಕತೆಯೂ ಅಷ್ಟೇ. ಪ್ಲಾಸ್ಟಿಕ್ ಪದರದ ಮೇಲೆ ಲೋಹದ ಪದರ ಕೂರಿಸಿರುತ್ತಾರೆ, ಬಿಡಿಸಲು ಬರುವುದಿಲ್ಲ, ಗುಜರಿಯವರು ಮುಟ್ಟುವುದಿಲ್ಲ. ತುಂಬಾ ಚೆನ್ನಾಗಿ ನಡೆಯುವ ಕಡೆ ಅದನ್ನು ದೂರದ ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಕಳಿಸುತ್ತಾರೆ. ತೊಳೆದು ಒಣಗಿಸಿ ಕೊಟ್ಟ ಚಿಪ್ಸ್ ಪ್ಯಾಕೆಟ್ಟಿಗೆ ಸಿಗುವ ಸದ್ಗತಿ ಅಂದರೆ ಬೆಂಕಿ. ನಂದಿನಿ ಹಾಲಿನ ಕವರ್ ಎಷ್ಟೋ ವಾಸಿ, ಒಂದೇ ಜಾತಿಯ ಪ್ಲಾಸ್ಟಿಕ್, ತೊಳೆದು ಇಟ್ಟರೆ ತೆಗೆದುಕೊಳ್ಳುವವರಿದ್ದಾರೆ.

ನನಗೆ ಹೆಚ್ಚು ಕಾಡುವುದು ಪ್ಯಾಕಿಂಗ್ ಅಲ್ಲ, ಬಳಸದೇ ಬರುವ ಸಾಮಾನು. ಟ್ಯಾಗ್ ಕಿತ್ತಿರದ ಬಟ್ಟೆ. ಸೀಲ್ ಒಡೆಯದ ಡಬ್ಬಗಳು. ಒಂದೆರಡು ಸಲ ಆಡಿದ ರಿಮೋಟ್ ಕಾರು. ನಮ್ಮಲ್ಲಿ ಕಸ ವಿಂಗಡಿಸುವ ಅಮ್ಮ ಒಂದು ಸಲ ನೀರಿನ ಬಾಟಲಿ ಎತ್ತಿ ತೋರಿಸಿದರು. "ಇದು ಹೊಸದೇ ಅಲ್ವಾ ಮೇಡಂ, ಯಾಕೆ ಬಿಸಾಕಿದ್ದಾರೆ?" ಯಾಕೆಂದರೆ ಆ ಮನೆಯಲ್ಲಿ ಅಂಥವು ಆಗಲೇ ಬೇಕಾದಷ್ಟು ಇದ್ದವು. ಒಂದು ಆಫೀಸಿನಲ್ಲಿ ಕೊಟ್ಟದ್ದು, ಒಂದು ಮ್ಯಾರಥಾನ್‌ನಲ್ಲಿ ಕೊಟ್ಟದ್ದು, ಒಂದು ಯಾರದೋ ಗೃಹಪ್ರವೇಶದಲ್ಲಿ. ಅಷ್ಟು ವಿವರ ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು.

ಹಾಗಂತ ಜನರಿಗೆ ಆಸೆ ಜಾಸ್ತಿಯಾಗಿದೆ ಅಂತ ಬೈದು ಮುಗಿಸುವ ಪತ್ರ ಇದಲ್ಲ. ಕಡಿಮೆ ಕೊಳ್ಳುವುದು ನಿಜಕ್ಕೂ ಕಷ್ಟ. ನಮ್ಮ ಸುತ್ತ ಎಲ್ಲವೂ ಕೊಳ್ಳುವ ಕಡೆಗೇ ಇಳಿಜಾರಾಗಿದೆ. ಒಂದು ಕಟ್ಟು ಕೊತ್ತಂಬರಿ ಬೇಕು ಅಂತ ಫೋನ್ ತೆಗೆದರೆ, ಇಷ್ಟು ರೂಪಾಯಿ ಸಾಮಾನು ತೆಗೆದುಕೊಂಡರೆ ಡೆಲಿವರಿ ಫ್ರೀ ಅನ್ನುತ್ತದೆ. ಆಗ ಬೇಡದ ಎರಡು ಸಾಮಾನು ಸೇರುತ್ತವೆ. ಎರಡು ಕೊಂಡರೆ ಒಂದು ಉಚಿತ, ಅರ್ಧ ಕೆ.ಜಿ.ಗಿಂತ ಎರಡು ಕೆ.ಜಿ. ಅಗ್ಗ. ಒಂದನ್ನೇ ಕೊಂಡವನಿಗೆ ನಷ್ಟ ಅನ್ನಿಸುವ ಹಾಗೆ ಬೆಲೆ ಇಟ್ಟಿರುತ್ತಾರೆ. ದುಡ್ಡು ಕೈಯಿಂದ ಹೋಗುವುದೂ ಕಾಣುವುದಿಲ್ಲ. ಪರ್ಸ್ ತೆಗೆದು ನೋಟು ಎಣಿಸುವಾಗ ಒಂದು ಗಳಿಗೆ ಯೋಚನೆ ಬರುತ್ತಿತ್ತು, ಈಗ ಆ ಗಳಿಗೆಯೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಮಲಗುವ ಮುಂಚೆ, ದಿನವಿಡೀ ನನಗೆ ಅಂತ ಏನೂ ಮಾಡಿಕೊಳ್ಳಲಿಲ್ಲವಲ್ಲ ಅನ್ನಿಸಿದಾಗ ಒಂದು ಕುರ್ತಾ ಕಾರ್ಟಿಗೆ ಬೀಳುತ್ತದೆ. ಆ ಸುಸ್ತು ನನಗೆ ಗೊತ್ತು. ಅದನ್ನು ದುರಾಸೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಕಷ್ಟ ನಮ್ಮ ಪ್ರೀತಿಯಲ್ಲೇ ಇದೆ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ಬೆಳೆದವರು ನಾವು. ಎಲೆ, ಅಡಿಕೆ, ತೆಂಗಿನಕಾಯಿ ಕೊಡುತ್ತಿದ್ದೆವು, ಜೊತೆಗೆ ಒಂದು ಬ್ಲೌಸ್ ಪೀಸ್. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಬೀರು ತೆಗೆದು ನೋಡಿ. ಹೊಲಿಸಲು ಬಾರದ ಅಳತೆಯ, ಯಾವ ಸೀರೆಗೂ ಹೊಂದದ ಬಣ್ಣದ ಬ್ಲೌಸ್ ಪೀಸ್‌ಗಳ ಕಟ್ಟು ಅಲ್ಲಿರುತ್ತದೆ. ಈ ವರ್ಷ ನಿಮ್ಮಿಂದ ಬಂದದ್ದು ಮುಂದಿನ ವರ್ಷ ಇನ್ನೊಬ್ಬರಿಗೆ ಹೋಗುತ್ತದೆ, ಯಾರ ಮೈಗೂ ಏರುವುದಿಲ್ಲ. ಮಕ್ಕಳ ಬರ್ತ್‌ಡೇಗೆ ರಿಟರ್ನ್ ಗಿಫ್ಟ್ ಅಂತ ಕೊಡುವ ಪ್ಲಾಸ್ಟಿಕ್ ಸಾಮಾನು ಅಷ್ಟೂ ದಿನ ಬಾಳುವುದಿಲ್ಲ. ಕೊಡುವುದನ್ನು ಬಿಡಿ ಅನ್ನುವುದಿಲ್ಲ. ತೆಂಗಿನಕಾಯಿ ಕೊಡಿ, ಬಾಳೆಹಣ್ಣು ಕೊಡಿ, ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಕೊಡಿ. ತಿಂದು ಮುಗಿಯುವುದನ್ನು ಕೊಡಿ. ಇದಕ್ಕೆ ಹಿರಿಯರೂ ಬೇಡ ಅನ್ನಲಾರರು, ಮೊದಲು ಕೊಡುತ್ತಿದ್ದದ್ದೇ ಅದು.

ಬಟ್ಟೆಯ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಒಣ ಕಸದಲ್ಲಿ ಅತಿ ಕಷ್ಟದ್ದು ಬಟ್ಟೆ. ಮೊದಲೆಲ್ಲ ಹತ್ತಿ ಪಂಚೆ ಹಳೆಯದಾದರೆ ಮಗುವಿಗೆ ಲಂಗೋಟಿ, ಅದೂ ಸವೆದರೆ ಒಲೆ ಒರೆಸುವ ಬಟ್ಟೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಕೌದಿಯಾಗಿ ಇನ್ನೂ ಹತ್ತು ವರ್ಷ ಬಾಳುತ್ತಿತ್ತು. ಪಾತ್ರೆ ಹೊತ್ತು ಬರುವ ಹೆಂಗಸರು ಹಳೇ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುತ್ತಿದ್ದರು. ಈಗ ಸೇಲಿನಲ್ಲಿ 299 ರೂಪಾಯಿಗೆ ಸಿಗುವ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರು, ಅದಕ್ಕೆ ಒಂದಿಷ್ಟು ಹಿಗ್ಗುವ ದಾರ ಸೇರಿಸಿರುತ್ತಾರೆ. ನಾಲ್ಕು ಒಗೆತಕ್ಕೆ ಆಕಾರ ಹೋಗುತ್ತದೆ. ಆಮೇಲೆ ಅದರಿಂದ ನೆಲ ಒರೆಸಲೂ ಆಗುವುದಿಲ್ಲ, ನೀರು ಹೀರಲ್ಲ. ದಾನ ಕೊಡೋಣ ಅಂದರೆ ಕೊಡುವವರೇ ಜಾಸ್ತಿ, ತೆಗೆದುಕೊಳ್ಳುವವರು ಕಡಿಮೆ. ಹಿಂದೆ ಹಳೇ ಬಟ್ಟೆಗೆ ಅಂತ ಒಂದು ದಾರಿ ಇತ್ತು, ಈಗಿನ ಬಟ್ಟೆ ಆ ದಾರಿಯಲ್ಲಿ ಒಂದು ಹೆಜ್ಜೆಯೂ ಹೋಗುವುದಿಲ್ಲ.

ಕಡಿಮೆ ಕೊಳ್ಳಿ ಅನ್ನುವ ಮಾತನ್ನು ಯಾರಿಗೆ ಹೇಳಬೇಕು ಅನ್ನುವುದೂ ಮುಖ್ಯ. ದಿನಗೂಲಿಯಲ್ಲಿ ಬದುಕುವ ಮನೆಯಲ್ಲಿ ಎರಡು ರೂಪಾಯಿಯ ಶಾಂಪೂ ಸ್ಯಾಶೆ ಕೊಳ್ಳುತ್ತಾರೆ, ದೊಡ್ಡ ಬಾಟಲಿಗೆ ಒಮ್ಮೆಲೇ ದುಡ್ಡು ಹಾಕಲು ಆಗುವುದಿಲ್ಲ. ಆ ಸ್ಯಾಶೆ ಚರಂಡಿಯಲ್ಲಿ ಸಿಕ್ಕಿಕೊಂಡಿದ್ದು ಕಂಡು ಬಡವರಿಗೆ ಬುದ್ಧಿ ಹೇಳಲು ಹೋಗುವುದು ಅನ್ಯಾಯ. ಆ ಸ್ಯಾಶೆಯನ್ನು ಹಾಗೆ ಮಾಡಿದ ಕಂಪನಿಯನ್ನು ಕೇಳಬೇಕು. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ಪ್ಯಾಕಿಂಗ್ ಮಾಡುವ ಕಂಪನಿಗಳಿಗೆ ವಾಪಸ್ ಪಡೆಯುವ ಹೊಣೆಯ ಗುರಿ ಹಾಕಿಕೊಟ್ಟಿದೆ. ಅದರ ಲೆಕ್ಕ ಕಾಗದದ ಮೇಲೆ ಸರಿಹೋದರೆ ಸಾಲದು, ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೂತು ಬೆಲೆಯಿಲ್ಲದ ಪ್ಯಾಕೆಟ್ ವಿಂಗಡಿಸುವವರ ಕೈಗೆ ಆ ಹೊಣೆಗಾಗಿ ಕಂಪನಿಗಳು ಹಾಕುವ ದುಡ್ಡು ತಲುಪಬೇಕು. ಕೊಳ್ಳುವುದು ಕಡಿಮೆ ಮಾಡಬೇಕಾದವರು ನಾವು, ಬೀರು ತುಂಬಿ ಲಾಫ್ಟ್ ಮೇಲೂ ತುಂಬಿಸಿಟ್ಟವರು.

ಮಾನ್ಯ ಸಚಿವರೇ, ಇನ್ನು ನಿಮ್ಮಲ್ಲಿ ಕೇಳಬೇಕಾದದ್ದು.

2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಬರುತ್ತಿದೆ. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಶುಲ್ಕ ಇರಲಿ, ಕೊಡೋಣ. ಆದರೆ ಅದು ಚದರಡಿಯ ಲೆಕ್ಕ, ಕಸದ ಲೆಕ್ಕವಲ್ಲ. 1,200 ಚದರಡಿ ಮನೆಯಲ್ಲಿ ದಿನಕ್ಕೆ ಒಂದು ಹಿಡಿ ಒಣ ಕಸ ಮಾಡುವವರೂ 100 ರೂಪಾಯಿ, ಚೀಲಗಟ್ಟಲೆ ಮಾಡುವವರೂ 100 ರೂಪಾಯಿ. ದಕ್ಷಿಣ ಕೊರಿಯಾ 1995ರಲ್ಲೇ ಬೇರೆ ದಾರಿ ಹಿಡಿಯಿತು. ಅಲ್ಲಿ ಕಸ ಹಾಕಲು ಸರ್ಕಾರ ನಿಗದಿ ಮಾಡಿದ ಚೀಲವನ್ನೇ ಕೊಳ್ಳಬೇಕು. ಜಾಸ್ತಿ ಕಸ ಅಂದರೆ ಜಾಸ್ತಿ ಚೀಲ, ಜಾಸ್ತಿ ದುಡ್ಡು. ಮರುಬಳಕೆಗೆ ಹೋಗುವುದನ್ನು ಬೇರ್ಪಡಿಸಿ ಕೊಟ್ಟರೆ ದುಡ್ಡಿಲ್ಲ. ಇಲ್ಲಿ ಅದನ್ನು ಹಾಗೇ ತಂದು ಬೀದಿಗೆ ಬಿಟ್ಟರೆ ರಾತ್ರೋರಾತ್ರಿ ಖಾಲಿ ಸೈಟಿನಲ್ಲಿ ಕಸ ಬೀಳುತ್ತದೆ, ಅದು ನನಗೂ ಗೊತ್ತು. ಅದಕ್ಕೇ ದೊಡ್ಡ ಅಪಾರ್ಟ್‌ಮೆಂಟುಗಳಿಂದ ಶುರು ಮಾಡಿ. ಗೇಟು ಒಂದೇ, ತೂಕ ಹಾಕುವುದು ಸುಲಭ, ಕದ್ದು ಸುರಿಯುವುದು ಕಷ್ಟ. ತೂಕ ಇಳಿದರೆ ಶುಲ್ಕ ಇಳಿಸಿ. ಸಂಘದ ಮೀಟಿಂಗಿನಲ್ಲಿ ಈ ಮಾತು ಮೊದಲ ಸಲ ದುಡ್ಡಿನ ಮಾತಾಗುತ್ತದೆ, ಆಗ ಎಲ್ಲರೂ ಕೇಳುತ್ತಾರೆ.

ಎರಡನೆಯದು ರಿಪೇರಿ. ಮಿಕ್ಸಿ ಜಾರಿನ ಕೆಳಗೆ ಮೋಟಾರಿಗೆ ಕಚ್ಚಿಕೊಳ್ಳುವ ಕಪ್ಲರ್ ಅಂತ ಒಂದು ಸಣ್ಣ ಭಾಗ ಇರುತ್ತದೆ. ಸವೆದರೆ ಬ್ಲೇಡ್ ತಿರುಗುವುದಿಲ್ಲ, ಸುಮ್ನೆ ಗುರ್ ಅನ್ನುತ್ತದೆ. ಬಡಾವಣೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇದ್ದರೆ ಹತ್ತು ನಿಮಿಷದ ಕೆಲಸ. ಹೊಸ ಕಪ್ಲರ್ ಹಾಕಿಸಿ, ಬ್ಲೇಡ್ ಸಾಣೆ ಹಿಡಿಸಿದರೆ ಇನ್ನೊಂದಷ್ಟು ವರ್ಷ ಚಟ್ನಿ ರುಬ್ಬುತ್ತದೆ. ಅಂಗಡಿ ಇಲ್ಲದಿದ್ದರೆ? ಹೊಸ ಮಿಕ್ಸಿ. ನಮ್ಮ ರಸ್ತೆಗಳಲ್ಲಿ ಬಾಡಿಗೆ ಏರಿದಾಗ ಮೊದಲು ಜಾಗ ಬಿಟ್ಟವರು ಇವರೇ. ಛತ್ರಿ ರಿಪೇರಿಯವರು, ಜಿಪ್ ಹಾಕುವವರು, ಚಪ್ಪಲಿ ಹೊಲಿಯುವವರು. ಇಡೀ ಊರು ರಿಪೇರಿಗೆ ಅಂತ ಬಿಡಿಭಾಗದ ಅಂಗಡಿಗಳ ಸಾಲಿರುವ ಎಸ್.ಪಿ. ರೋಡಿಗೆ ಹೋಗಲಾಗುತ್ತದಾ? ಪಾಲಿಕೆಯ ವಾಣಿಜ್ಯ ಸಂಕೀರ್ಣಗಳಲ್ಲಿ ಮಳಿಗೆ ಹರಾಜಾಗುವಾಗ ವಾರ್ಡಿಗೆ ಎರಡು ಮೂರು ಮಳಿಗೆಯನ್ನು ರಿಪೇರಿ ಮಾಡುವವರಿಗೆ ಕಡಿಮೆ ಬಾಡಿಗೆಗೆ ಎತ್ತಿಡಿ. ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಗಲಿ. 2015ರಲ್ಲಿ ಶುರುವಾದ ರಿಪೇರ್ ಕೆಫೆ ಬೆಂಗಳೂರು, ಜನ ತಮ್ಮ ಸಾಮಾನು ತಂದು ಜೊತೆಗೆ ಕೂತು ರಿಪೇರಿ ಕಲಿಯುವಂತೆ ಮಾಡಿ ತೋರಿಸಿದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಮಾಡಿತು. ಫ್ರಾನ್ಸಿನಲ್ಲಿ 2021ರಲ್ಲಿ ಫೋನ್, ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಮೇಲೆ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅನ್ನುವ ಅಂಕವನ್ನೇ ಅಂಗಡಿಯಲ್ಲಿ ತೋರಿಸಬೇಕು ಅಂತ ನಿಯಮ ಬಂತು. ಕೊಳ್ಳುವ ಮುಂಚೆ ಆ ಅಂಕ ಕಂಡರೆ ನಾವು ಬೇರೆ ಥರ ಆರಿಸುತ್ತೇವೆ.

ಮೂರನೆಯದಕ್ಕೆ ನಿಮ್ಮ ಕೈಯಲ್ಲೇ ಅಂಗಡಿಗಳಿವೆ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಇವತ್ತಿಗೂ ತರಕಾರಿ ಬಿಡಿಯಾಗಿ ತೂಗಿ ನಮ್ಮ ಚೀಲಕ್ಕೆ ಹಾಕುತ್ತಾರೆ. ಎರಡು ಬದನೆಕಾಯಿ ಬೇಕೆಂದರೆ ಎರಡೇ. ಅಲ್ಲೇ ಬೇಳೆ, ಅಕ್ಕಿ, ರಾಗಿ ಹಿಟ್ಟು, ಎಣ್ಣೆ, ಪಾತ್ರೆ ತೊಳೆಯುವ ದ್ರವ ನಾವು ತಂದ ಡಬ್ಬಕ್ಕೆ ಅಳೆದು ಕೊಡುವ ವ್ಯವಸ್ಥೆ ಮಾಡಿ. ನಂದಿನಿ ಮಳಿಗೆಗಳಲ್ಲೂ ಆಗಬಹುದು. ಬೇಕಾದಷ್ಟೇ ಕೊಳ್ಳುವ ಅವಕಾಶ ಇರುವ ಕಡೆ ಜನ ಬೇಕಾದಷ್ಟೇ ಕೊಳ್ಳುತ್ತಾರೆ. ಈ ಊರಿನ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಅದರಲ್ಲಿ ಸಿಪ್ಪೆಯಷ್ಟೇ ಇಲ್ಲ, ಫ್ರಿಜ್ಜಿನಲ್ಲಿ ಕೊಳೆತ ಸೊಪ್ಪು, ಅಗ್ಗವೆಂದು ಜಾಸ್ತಿ ತಂದ ಟೊಮೆಟೊನೂ ಇದೆ.

ಸರ್ಕಾರದ ಸಮಾರಂಭಗಳ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ಫೈಬರ್ ಸ್ಮರಣಿಕೆ, ಯಾರೂ ಹೊದೆಯದ ಶಾಲು, ಪ್ರತಿ ಕುರ್ಚಿಗೂ ಒಂದು ಕಿಟ್ ಬ್ಯಾಗು. 2016ರ ಮಾರ್ಚಿನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ಥರ್ಮಾಕೋಲ್ ತಟ್ಟೆ ನಿಷೇಧವಾದವು. ಇವತ್ತಿಗೂ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಂಬ ಕಂಬದಲ್ಲಿ ನೇತಾಡುತ್ತಿದೆ. ಕಾನೂನು ಮಾಡಿದವರ ಮುಖವೇ ಅದರ ಮೇಲಿದ್ದರೆ ನಾವು ನೆರೆಮನೆಯವರಿಗೆ ಏನಂತ ಹೇಳೋಣ?

ಈಗ ನೆರೆಹೊರೆಯವರೇ, ನಿಮಗೆ. ಒಣ ಕಸ ತೊಳೆದು ಕೊಡುತ್ತೇವಲ್ಲ, ಇನ್ನೇನು ಮಾಡಬೇಕು ಅಂತ ಕೇಳುತ್ತೀರಿ. ತೊಳೆದು ಕೊಡುವುದು ದೊಡ್ಡ ಕೆಲಸವೇ, ಅದನ್ನು ವಿಂಗಡಿಸುವವರ ಕೈ ಗಾಯವಾಗದ ಹಾಗೆ ನೋಡಿಕೊಂಡಿದ್ದೀರಿ. ಆದರೆ ಸರಿಯಾದ ಚೀಲಕ್ಕೆ ಹಾಕಿದೆವು ಅನ್ನುವ ಸಮಾಧಾನ ನಮ್ಮನ್ನು ಇನ್ನಷ್ಟು ಕೊಳ್ಳಲು ಬಿಡುತ್ತಿದೆ ಅಂತ ನನಗೆ ಅನ್ನಿಸುತ್ತದೆ. ರೀಸೈಕಲ್ ಆಗುತ್ತದೆ ಬಿಡಿ ಅನ್ನುವ ಮಾತನ್ನು ನಮ್ಮ ಲಿಫ್ಟಿನಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಎಲ್ಲವೂ ಆಗುವುದಿಲ್ಲ. ಆಗುವುದಕ್ಕೂ ಲಾರಿ, ನೀರು, ಕರೆಂಟು, ಕೆಲವರ ಬೆನ್ನು ಬೇಕು.

ಹಂಚಿಕೊಳ್ಳಲು ಬರುವ ಸಾಮಾನು ಬೇಕಾದಷ್ಟಿದೆ. ಡ್ರಿಲ್ಲಿಂಗ್ ಮೆಷಿನ್ ಅಪಾರ್ಟ್‌ಮೆಂಟಿಗೆ ಒಂದಿದ್ದರೆ ಸಾಕು. ಏಣಿ, ದೊಡ್ಡ ಇಡ್ಲಿ ಪಾತ್ರೆ, ಮಗುವಿನ ತೊಟ್ಟಿಲು ಕೂಡ. ಊಟಕ್ಕೆ ಜನ ಸೇರುವಾಗ ಸ್ಟೀಲ್ ತಟ್ಟೆ ಲೋಟ ತಂದು ಬಳಸಿ ವಾಪಸ್ ಕೊಡಲು ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಇದೆ, ಹಲವು ಬಡಾವಣೆಗಳಲ್ಲಿ ಅಂಥದ್ದನ್ನು ಜನರೇ ಮಾಡಿಕೊಂಡಿದ್ದಾರೆ. ನಮ್ಮಲ್ಲೂ ಒಣ ಕಸದ ಕೋಣೆಯ ಪಕ್ಕದ ಗೋಡೆಗೆ ಒಂದು ಕಪಾಟು ಇಟ್ಟಿದ್ದೇವೆ. ಬೇಡವಾದದ್ದನ್ನು ಅಲ್ಲಿಡಬೇಕು, ಬೇಕಾದವರು ಒಯ್ಯಬೇಕು. ಪುಸ್ತಕ, ಆಟಿಕೆ, ಸೈಕಲ್ ಹೆಲ್ಮೆಟ್ ಒಂದು ದಿನವೂ ಉಳಿಯುವುದಿಲ್ಲ. ಅಲಂಕಾರದ ಗೊಂಬೆಗಳು ಮಾತ್ರ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ. ಯಾರಿಗೂ ಬೇಡದ್ದನ್ನು ನಾವು ಎಷ್ಟು ಕೊಂಡಿದ್ದೇವೆ ಅಂತ ಆ ಕಪಾಟು ನೋಡಿದರೆ ಗೊತ್ತಾಗುತ್ತದೆ.

ಸಚಿವರೇ, ಅಧಿಕಾರಿಗಳೇ, ದಿನಕ್ಕೆ 5,000 ಟನ್‌ಗಿಂತ ಜಾಸ್ತಿ ಕಸ ಮಾಡುವ ಊರಿಗೆ ಹೊಸ ಕ್ವಾರಿ ಹುಡುಕುವ ಕೆಲಸ ನಿಮ್ಮದು ಅಂತ ಇಷ್ಟು ವರ್ಷ ನಾವೇ ನಿಮ್ಮನ್ನು ಒತ್ತಾಯಿಸಿದ್ದೇವೆ. ಈ ಸಲ ಕಸ ಕಡಿಮೆ ಮಾಡುವ ಕೆಲಸಕ್ಕೆ ಒತ್ತಾಯಿಸುತ್ತಿದ್ದೇನೆ. ಬಜೆಟ್ಟಿನಲ್ಲಿ ಕಸ ಸಾಗಿಸಲು ಇಡುವ ಹಣದ ಪಕ್ಕದಲ್ಲಿ, ಕಸ ಹುಟ್ಟದ ಹಾಗೆ ನೋಡಿಕೊಳ್ಳಲು ಅಂತ ಬೇರೆ ಒಂದು ಸಾಲು ಬರಲಿ. ರಿಪೇರಿ ಮಳಿಗೆಗೆ, ಹಾಪ್‌ಕಾಮ್ಸ್‌ನಲ್ಲಿ ಬಿಡಿ ಮಾರಾಟಕ್ಕೆ, ವಾರ್ಡಿಗೊಂದು ಪಾತ್ರೆ ಬ್ಯಾಂಕಿಗೆ ಅದರಿಂದ ದುಡ್ಡು ಕೊಡಿ.

ತೂಕದ ಲೆಕ್ಕದ ಶುಲ್ಕವನ್ನು ಪ್ರಯೋಗ ಮಾಡಿ ನೋಡುವುದಾದರೆ ನಮ್ಮ ಅಪಾರ್ಟ್‌ಮೆಂಟಿನಿಂದಲೇ ಶುರು ಮಾಡಿ ಅಂತ ನಮ್ಮ ಸಂಘದ ಸಭೆಯಲ್ಲಿ ಕೇಳಲಿದ್ದೇನೆ. ಹಸಿ, ಒಣ, ಕೆಂಪು ಡಬ್ಬದ ತೂಕ ಬರೆದಿಡುವ ಪುಸ್ತಕ ನಮ್ಮಲ್ಲಿ ಆಗಲೇ ಇದೆ. ತೂಕದ ಯಂತ್ರವೂ ಇದೆ. ನಿಮ್ಮವರು ಬಂದು ನೋಡುವುದಾದರೆ ದಸರಾ, ದೀಪಾವಳಿ ಸೇಲಿನ ವಾರ ಕಳಿಸಿಕೊಡಿ.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ